ಲಡಾಖ್‌ಗೆ ಕ್ಯಾಮೆರಾ ಬ್ಯಾಗ್: ಏನಿರಲಿ, ಏನು ಬೇಡ

ಬೆಂಗಳೂರಿನಿಂದ ಲೇಹ್‌ಗೆ ವಿಮಾನದಲ್ಲಿ ಹೋಗುವಾಗ ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ 7 ಕೆಜಿ. ಬಟ್ಟೆಯೂ ಅದರಲ್ಲೇ ಹೋಗಬೇಕೆಂದರೆ ಕ್ಯಾಮೆರಾ ಬಾಡಿ ಒಂದೇ ಸಾಕು, ಜೊತೆಗೆ 24-105 ಎಂಎಂ ಎಫ್/4 ಜೂಮ್ ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಎರಡೂ ಸೇರಿ ಸುಮಾರು ಒಂದೂವರೆ ಕೆಜಿ. ಅಲ್ಲಿ ಧೂಳು ವಿಪರೀತ. ಲೆನ್ಸ್ ಬದಲಾಯಿಸಿದಷ್ಟೂ ಸೆನ್ಸರ್ ಮೇಲೆ ಕಣಗಳು ಕೂರುತ್ತವೆ, ಎಫ್/16ರಲ್ಲಿ ತೆಗೆದ ನೀಲಿ ಆಕಾಶದಲ್ಲಿ ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಭಾರವಾದ 70-200 ಎಫ್/2.8 ಲೆನ್ಸ್ ಎಷ್ಟೇ ಪ್ರೀತಿಯದಾದರೂ ಮನೆಯಲ್ಲೇ ಇರಲಿ.

ನಕ್ಷತ್ರಗಳಿಗೆ ಹೆಸರಾದ ಲಡಾಖ್‌ನ ಹಳ್ಳಿ ಹಾನ್ಲೆಯ ರಾತ್ರಿಗೆ ಮಾತ್ರ 20 ಎಂಎಂ ಎಫ್/1.8 ಲೆನ್ಸ್ ಬೇಕೇ ಬೇಕು. ಎಫ್/4ಕ್ಕಿಂತ ಸುಮಾರು ಐದು ಪಟ್ಟು ಬೆಳಕು ಒಳಗೆ ಬಿಡುತ್ತದೆ. 15 ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟರೆ ನಕ್ಷತ್ರಗಳು ಎಳೆದಂತಾಗುತ್ತವೆ. ಟ್ರೈಪಾಡ್ ಚೆಕ್-ಇನ್ ಲಗೇಜಿಗೆ ಹೋಗಲಿ.

ಬಿಡಿ ಬ್ಯಾಟರಿಗಳನ್ನು ಚೆಕ್-ಇನ್‌ಗೆ ಹಾಕುವಂತಿಲ್ಲ. ತುದಿಗಳಿಗೆ ಟೇಪ್ ಅಂಟಿಸಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೂರಾದರೂ ಇರಲಿ: ಚಳಿಗೆ ಚಾರ್ಜ್ ಬೇಗ ಇಳಿಯುತ್ತದೆ. ಖಾಲಿ ಎಂದು ತೋರಿಸಿದ್ದನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟರೆ ಇನ್ನಷ್ಟು ಫೋಟೊ ಸಿಗುತ್ತವೆ.

ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಕವರ್ ಮರೆಯಬೇಡಿ. ಬೆಚ್ಚಗಿನ ಕೋಣೆಯೊಳಗೆ ಕಾಲಿಡುವ ಮೊದಲೇ ಕ್ಯಾಮೆರಾವನ್ನು ಅದರಲ್ಲಿ ಮುಚ್ಚಿ, ಒಂದು ಗಂಟೆ ಬಿಟ್ಟು ತೆಗೆಯಿರಿ. ಆಗ ತೇವ ಕವರಿನ ಮೇಲೆ ಕೂರುತ್ತದೆ, ಲೆನ್ಸಿನೊಳಗಲ್ಲ.