ಗೆದ್ದದ್ದು ಪಂದ್ಯವನ್ನೋ, ಎದುರಾಳಿಯನ್ನೋ?

ಕನ್ನಡದಲ್ಲಿ ಪಂದ್ಯವನ್ನೂ ಗೆಲ್ಲಬಹುದು, ಎದುರಾಳಿಯನ್ನೂ ಗೆಲ್ಲಬಹುದು. ಇಂಗ್ಲಿಷಿನಲ್ಲಿ ಹಾಗೆ ನಡೆಯದು. ‘ವಿನ್’ ಜತೆ ಬರಬೇಕಾದದ್ದು ಪಂದ್ಯ, ಸರಣಿ, ಟಾಸ್, ಪದಕ. ಎದುರಾಳಿಯ ಹೆಸರು ಬಂತೆಂದರೆ ‘ಬೀಟ್’ ಅಥವಾ ‘ಡಿಫೀಟ್’. ‘ಇಂಡಿಯಾ ವನ್ ಆಸ್ಟ್ರೇಲಿಯಾ’ ಅಂದರೆ ಲಾಟರಿಯಲ್ಲಿ ಆ ದೇಶವೇ ಬಂದ ಹಾಗೆ! ‘ಬೀಟ್’ ಭೂತಕಾಲದಲ್ಲೂ ‘ಬೀಟ್’ ಆಗಿಯೇ ಇರುತ್ತದೆ. ‘ಹ್ಯಾವ್’ ಅಥವಾ ‘ವರ್’ ಸೇರಿದಾಗ ‘ಬೀಟನ್’. ‘ಬೀಟೆಡ್’ ಎಂಬುದಿಲ್ಲ.

ತಂಡ ಏಕವಚನವೋ ಬಹುವಚನವೋ? ಬ್ರಿಟಿಷ್ ರೂಢಿಯಲ್ಲಿ ಆಡುವಾಗ ‘ಇಂಗ್ಲೆಂಡ್ ಆರ್’, ಟೂರ್ನಿಯ ಆತಿಥ್ಯ ವಹಿಸುವ ದೇಶವಾದಾಗ ‘ಇಂಗ್ಲೆಂಡ್ ಈಸ್’. ಅಮೆರಿಕದವರು ಊರಿನ ಹೆಸರಿಗೆ ‘ಈಸ್’, ಯಾಂಕೀಸ್‌ನಂಥ (ನ್ಯೂಯಾರ್ಕಿನ ಬೇಸ್‌ಬಾಲ್ ತಂಡ) ಬಹುವಚನದ ಹೆಸರಿಗೆ ‘ಆರ್’ ಹಾಕುತ್ತಾರೆ. ಯಾವುದನ್ನಾದರೂ ಹಿಡಿಯಿರಿ, ಬೆರಕೆ ಮಾತ್ರ ಬೇಡ. ‘ದ ಟೀಮ್ ಹ್ಯಾಸ್ ಲಾಸ್ಟ್ ದೇರ್ ಕ್ಯಾಪ್ಟನ್’ ಎಂಬಲ್ಲಿ ‘ಹ್ಯಾಸ್’ ಉಳಿಸಿಕೊಂಡರೆ ‘ಇಟ್ಸ್’ ಬೇಕು, ‘ದೇರ್’ ಉಳಿಸಿಕೊಂಡರೆ ‘ಹ್ಯಾವ್’ ಬೇಕು.

ವ್ಯಾಕರಣ ಸರಿಯಿದ್ದೂ ಸುದ್ದಿ ಕೆಡುವುದು ‘ಟೈ’, ‘ಡ್ರಾ’ಗಳಲ್ಲಿ. ಟೆಸ್ಟ್ ಟೈ ಆಗಲು ರನ್ ಸಮವಾದರೆ ಸಾಲದು, ಕೊನೆಗೆ ಬ್ಯಾಟ್ ಹಿಡಿದ ತಂಡದ ಇನಿಂಗ್ಸ್ ಕೂಡ ಮುಗಿದಿರಬೇಕು. 1960ರಲ್ಲಿ ಬ್ರಿಸ್ಬೇನ್‌ನಲ್ಲಿ ವೆಸ್ಟ್ ಇಂಡೀಸ್ 453 ಮತ್ತು 284, ಆಸ್ಟ್ರೇಲಿಯಾ 505 ಮತ್ತು 232 ಗಳಿಸಿದವು. ಕೂಡಿದರೆ ಇಬ್ಬರದೂ 737, ಆಸ್ಟ್ರೇಲಿಯಾ ಆಲೌಟ್: ಟೈ. 2011ರಲ್ಲಿ ಮುಂಬೈಯಲ್ಲೂ ಲೆಕ್ಕ ಸಮ. ವೆಸ್ಟ್ ಇಂಡೀಸ್ 590 ಮತ್ತು 134, ಭಾರತ 482 ಮತ್ತು 242, ಅಂದರೆ ತಲಾ 724. ಕೊನೆಯ ಎಸೆತಕ್ಕೆ ರನೌಟ್ ಆಯಿತು ನಿಜ, ಆದರೆ ಅದು ಒಂಬತ್ತನೇ ವಿಕೆಟ್; ಹತ್ತನೆಯದು ಉಳಿದಿದ್ದರಿಂದ ಇನಿಂಗ್ಸ್ ಮುಗಿದಿರಲಿಲ್ಲ. ಹಾಗಾಗಿ ಡ್ರಾ. ಫುಟ್‌ಬಾಲ್ ವರದಿ ಬರೆಯುವವರಿಗೆ ಇನ್ನೊಂದು ಪೇಚು: ಬ್ರಿಟನ್ನಿನ ಕಪ್ ಟೂರ್ನಿಗಳಲ್ಲಿ ‘ಟೈ’ ಅಂದರೆ ಪಂದ್ಯ ಎಂದಷ್ಟೇ ಅರ್ಥ.

‘ಇನಿಂಗ್ಸ್’ ಕೊನೆಯ ‘ಸ್’ ಬಹುವಚನದ್ದಲ್ಲ. ‘ಬೈ ಆ್ಯನ್ ಇನಿಂಗ್ಸ್ ಆ್ಯಂಡ್ 20 ರನ್ಸ್’ ಸರಿ; ‘ಇನಿಂಗ್’ ಬೇಸ್‌ಬಾಲಿನದು. ‘30 ಎಸೆತಗಳಲ್ಲಿ 50’ ಎಂಬುದಕ್ಕೆ ‘50 ಆಫ್ 30 ಬಾಲ್ಸ್’ ಬರೆಯುವಾಗ ‘ಆಫ್’ಗೆ ಎರಡು ಎಫ್ ಇರಲಿ.

ಇನ್ನು ‘ರೀ-ಸೈನ್’ ನಡುವಿನ ಅಡ್ಡಗೆರೆ. ಅದು ಬಿದ್ದುಹೋದರೆ ಕ್ಲಬ್ ಜತೆ ಒಪ್ಪಂದ ಮುಂದುವರಿಸಿದ ಆಟಗಾರ ರಾಜೀನಾಮೆ ಕೊಟ್ಟಂತಾಗುತ್ತದೆ. ಪದ ಸಾಲಿನ ಕೊನೆಯಲ್ಲಿ ಒಡೆದುಕೊಂಡರೂ ಅದೇ ಗೊಂದಲ. ಶೀರ್ಷಿಕೆಯಲ್ಲಿ ‘ಸೈನ್ಸ್ ನ್ಯೂ ಡೀಲ್’ ಎಂದುಬಿಡುವುದೇ ಕ್ಷೇಮ.