ಬ್ಲೂಟೂತ್ ಮೂಲಕ ಸಂಪರ್ಕ ಹಂಚುವಾಗ ಕೈಕೊಟ್ಟ ಡಿಎನ್‌ಎಸ್

ಲಿನಕ್ಸ್ ಲ್ಯಾಪ್‌ಟಾಪಿನ ಅಂತರ್ಜಾಲ ಸಂಪರ್ಕವನ್ನು ಬ್ಲೂಟೂತ್ ಮೂಲಕ ಟ್ಯಾಬ್ಲೆಟ್‌ಗೆ ಹಂಚಿದಾಗ ಜೋಡಣೆಯಾಯಿತು, ಐಪಿ ವಿಳಾಸವೂ ಸಿಕ್ಕಿತು, ಆದರೆ ಒಂದು ಪುಟವೂ ತೆರೆಯಲಿಲ್ಲ. ಟ್ಯಾಬ್ಲೆಟ್‌ನಿಂದ ಹೊರಗಿನ ಸರ್ವರ್ ಆದ 1.1.1.1ಕ್ಕೆ ಪಿಂಗ್ ಮಾಡಿದರೆ, ಅಂದರೆ ಉತ್ತರ ಕೇಳುವ ಸಣ್ಣ ಸಂದೇಶ ಕಳಿಸಿದರೆ, ಉತ್ತರ ಬರುತ್ತಿತ್ತು. ಜಾಲತಾಣದ ಹೆಸರು ಕೊಟ್ಟರೆ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆ ಇದೇ ಎಂದು ನನಗೆ ಅನಿಸುತ್ತದೆ, ಏಕೆಂದರೆ ಅಂಕಿಯ ವಿಳಾಸದಿಂದ ಉತ್ತರ ಬಂದರೆ ಬ್ಲೂಟೂತ್, ಪ್ಯಾಕೆಟ್ ಫಾರ್ವರ್ಡಿಂಗ್ (ಟ್ಯಾಬ್ಲೆಟ್‌ನ ಮಾಹಿತಿಯ ತುಣುಕುಗಳನ್ನು ಮುಂದೆ ದಾಟಿಸುವುದು) ಮತ್ತು ನ್ಯಾಟ್ (ಅವು ಲ್ಯಾಪ್‌ಟಾಪಿನ ವಿಳಾಸದಿಂದಲೇ ಹೊರಡುವಂತೆ ಮಾಡುವುದು) ಮೂರೂ ಕೆಲಸ ಮಾಡುತ್ತಿವೆ ಎಂದಾಯಿತು. ಉಳಿಯುವುದು ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸುವ ಡಿಎನ್‌ಎಸ್.

ತಪ್ಪಿನ ಮೂಲ ಹಿಂದಿನ ದಿನವೇ ಇತ್ತು. ಟ್ಯಾಬ್ಲೆಟ್ ಬಂದು ಸೇರುವ ಬ್ಲೂಟೂತ್ ಸೇತುವೆಯಾದ ಪ್ಯಾನ್0ಗಾಗಿ, ಐಪಿ ವಿಳಾಸ ಹಂಚುವ ಮತ್ತು ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರಿಸುವ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶವನ್ನು ಚಾಲೂ ಮಾಡಲು ಹೋದಾಗ, ಲಿನಕ್ಸಿನದೇ ಡಿಎನ್‌ಎಸ್ ಸೇವೆಯಾದ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಆಗಲೇ 127.0.0.53ರಲ್ಲಿ ಡಿಎನ್‌ಎಸ್‌ನ ಬಾಗಿಲಾದ 53ನೇ ಪೋರ್ಟನ್ನು ಹಿಡಿದುಕೊಂಡಿದ್ದರಿಂದ ಡಿಎನ್‌ಎಸ್‌ಮಾಸ್ಕ್ ನಿಂತುಹೋಗಿತ್ತು. ಆಗ ಅದರ ಸೆಟ್ಟಿಂಗ್ ಕಡತದಲ್ಲಿ ಪೋರ್ಟನ್ನು 0 ಎಂದು ಬರೆದು ಡಿಎನ್‌ಎಸ್ ಭಾಗವನ್ನೇ ನಿಲ್ಲಿಸಿದೆ, ಲ್ಯಾಪ್‌ಟಾಪ್ ಬಳಸುವ ಡಿಎನ್‌ಎಸ್ ವಿಳಾಸವಿರುವ ರಿಸಾಲ್ವ್ ಕಾನ್ಫ್ ಕಡತದಲ್ಲಿ ಕಂಡ 127.0.0.53 ಎಂಬ ವಿಳಾಸವನ್ನು ಡಿಎಚ್‌ಸಿಪಿಯ (ಜೋಡಿಸಿದ ಯಂತ್ರಕ್ಕೆ ಜಾಲದ ವಿಳಾಸಗಳನ್ನು ತಿಳಿಸುವ ವ್ಯವಸ್ಥೆ) 6ನೇ ಆಯ್ಕೆಯಾಗಿ, ಅಂದರೆ ಡಿಎನ್‌ಎಸ್ ವಿಳಾಸವಾಗಿ, ಟ್ಯಾಬ್ಲೆಟ್‌ಗೆ ಕೊಟ್ಟೆ. ಆದರೆ 127ರಿಂದ ಆರಂಭವಾಗುವ ವಿಳಾಸವೆಂದರೆ ಯಾವ ಯಂತ್ರದಲ್ಲಿ ಬಳಸಿದರೆ ಆ ಯಂತ್ರವೇ. ಲ್ಯಾಪ್‌ಟಾಪಿನೊಳಗೆ ಸರಿಯಾಗಿದ್ದ ಆ ವಿಳಾಸವನ್ನು ಪಡೆದ ಟ್ಯಾಬ್ಲೆಟ್ ಪ್ರತಿಯೊಂದು ಹೆಸರನ್ನೂ ತನ್ನನ್ನೇ ಕೇಳಿಕೊಳ್ಳುತ್ತಿತ್ತು.

ಪೋರ್ಟ್ 0 ಎಂಬ ಸಾಲನ್ನೂ 6ನೇ ಆಯ್ಕೆಯನ್ನೂ ತೆಗೆದುಹಾಕಿ, ಇಂಟರ್‌ಫೇಸ್ ಪ್ಯಾನ್0 ಎಂದೂ ಬೈಂಡ್-ಡೈನಾಮಿಕ್ ಎಂದೂ ಬರೆದೆ. ಹೀಗೆ ಬರೆದಾಗ ಡಿಎನ್‌ಎಸ್‌ಮಾಸ್ಕ್ ಎಲ್ಲ ವಿಳಾಸಗಳನ್ನೂ ಹಿಡಿಯಲು ಹೋಗದೆ ತನಗೆ ಬೇಕಾದವನ್ನಷ್ಟೇ ಹಿಡಿಯುತ್ತದೆ, ಸೇತುವೆ ತಡವಾಗಿ ಮೇಲೆದ್ದರೂ ಕಾಯುತ್ತದೆ, ಮತ್ತು ಪ್ಯಾನ್0ರ ವಿಳಾಸವನ್ನೇ ಡಿಎನ್‌ಎಸ್ ಆಗಿ ಟ್ಯಾಬ್ಲೆಟ್‌ಗೆ ತಿಳಿಸುತ್ತದೆ. ಬಂದ ಪ್ರಶ್ನೆಗಳನ್ನು ಅದು 127.0.0.53ಕ್ಕೆ ದಾಟಿಸುವುದರಲ್ಲಿ ತಪ್ಪಿಲ್ಲ, ಏಕೆಂದರೆ ಎರಡೂ ಒಂದೇ ಯಂತ್ರದಲ್ಲಿವೆ. ಟ್ಯಾಬ್ಲೆಟ್‌ಗೆ ನೇರವಾಗಿ ಗೂಗಲ್‌ನ ಡಿಎನ್‌ಎಸ್ ಆದ 8.8.8.8 ಕೊಟ್ಟರೂ ಹಲವು ಕಡೆ ಕೆಲಸ ನಡೆಯುತ್ತದೆ. ಆದರೆ ಹೊರಗಿನ ಡಿಎನ್‌ಎಸ್ ತಡೆಯುವ ಜಾಲಗಳಿವೆ, ಒಳಜಾಲದ ಹೆಸರುಗಳೂ ಅದಕ್ಕೆ ತಿಳಿದಿರುವುದಿಲ್ಲ, ಹಾಗಾಗಿ ಆ ದಾರಿ ನನಗೆ ಒಪ್ಪಿಗೆಯಾಗಲಿಲ್ಲ.

ಹಳೆಯ ಡಿಎನ್‌ಎಸ್ ವಿಳಾಸ ಟ್ಯಾಬ್ಲೆಟ್‌ನಲ್ಲಿ ಇನ್ನೂ ಉಳಿದಿದ್ದರಿಂದ ಬ್ಲೂಟೂತ್ ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಿದೆ. ಇಷ್ಟಾದರೂ ಹೆಸರುಗಳು ಬಗೆಹರಿಯಲಿಲ್ಲ. ಪ್ಯಾನ್0ರ ಮೇಲೆ 53ನೇ ಪೋರ್ಟಿಗೆ, ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದಾಗ ಪ್ರಶ್ನೆಗಳು ಬರುತ್ತಿದ್ದವು, ಉತ್ತರಗಳು ಹೊರಡುತ್ತಿರಲಿಲ್ಲ. ಫೈರ್‌ವಾಲ್‌ನಲ್ಲಿ ಡಿಎಚ್‌ಸಿಪಿಗಾಗಿ 67ನೇ ಪೋರ್ಟನ್ನು ತೆರೆದಿದ್ದ ನಾನು 53ನ್ನು ತೆರೆದಿರಲಿಲ್ಲ. ಡಿಎನ್‌ಎಸ್ ಸಾಮಾನ್ಯವಾಗಿ ಬಳಸುವ ಸಾಗಣೆ ವಿಧಾನವಾದ ಯುಡಿಪಿಯ ಜೊತೆಗೆ ಟಿಸಿಪಿಗೂ ಅದನ್ನು ತೆರೆಯಬೇಕು, ದೊಡ್ಡ ಉತ್ತರಗಳು ಆ ದಾರಿಯನ್ನು ಹಿಡಿಯುತ್ತವೆ. ಎರಡಕ್ಕೂ ತೆರೆದ ಮೇಲೆ ಕೊನೆಗೆ ಪುಟಗಳು ತೆರೆದುಕೊಂಡವು.