ಕ್ಯಾಡೋ ಲೇಕ್‌ಗೆ ಹೋದರೆ ಒಂದು ರಾತ್ರಿ ಉಳಿದುಕೊಳ್ಳಿ

ಡಲ್ಲಾಸ್ ಸುತ್ತಮುತ್ತ ಇರುವ ನಮ್ಮವರು ಎರಡು ದಿನ ರಜೆ ಸಿಕ್ಕರೆ ಒಕ್ಲಹೋಮಾದ ಬ್ರೋಕನ್ ಬೋ ಕಡೆ ಹೊರಡುವುದೇ ಜಾಸ್ತಿ. ನಾವೂ ಹಾಗೇ ಮಾಡುತ್ತಿದ್ದೆವು. ಈ ನವೆಂಬರ್‌ನಲ್ಲಿ ಸಿದ್ದಾಪುರದಿಂದ ಅತ್ತೆ ಬಂದಿದ್ದರು. ಅಂಗಡಿ, ಮಾಲ್ ಎಲ್ಲ ನೋಡಿ ಅವರಿಗೆ ಸಾಕಾಗಿತ್ತು. "ಮರ, ನೀರು ಇರೋ ಕಡೆ ಎಲ್ಲಾದ್ರೂ ಹೋಗೋಣ" ಅಂದರು. ಅದಕ್ಕೇ ಟೆಕ್ಸಾಸ್‌ನ ಪೂರ್ವ ಅಂಚಿನಲ್ಲಿರುವ ಕ್ಯಾಡೋ ಲೇಕ್ ಸ್ಟೇಟ್ ಪಾರ್ಕ್ ಬುಕ್ ಮಾಡಿದೆವು.

ದಾರಿ ಸುಲಭ. ಐ-20 ಹಿಡಿದು ಪೂರ್ವಕ್ಕೆ ಮಾರ್ಷಲ್‌ವರೆಗೆ, ಅಲ್ಲಿಂದ ಹೈವೇ 43ರಲ್ಲಿ ಕಾರ್ನ್ಯಾಕ್ ಊರು. ಸುಮಾರು ಮೂರು ಗಂಟೆ. ಹಾಲು, ಮೊಸರು, ಐಸ್, ಪೆಟ್ರೋಲ್ ಏನೇ ಬೇಕಿದ್ದರೂ ಮಾರ್ಷಲ್‌ನಲ್ಲೇ ತಗೊಂಡುಬಿಡಿ.

ನಾವು ಮಾಡಿದ ತಪ್ಪು ಅಂದರೆ ಶುಕ್ರವಾರ ಆಫೀಸ್ ಮುಗಿಸಿ ಹೊರಟಿದ್ದು. ತಲುಪುವಷ್ಟರಲ್ಲಿ ಕತ್ತಲೆ. ನವೆಂಬರ್‌ನಲ್ಲಿ ಬೇಗ ಕತ್ತಲಾಗುತ್ತದೆ, ಪೈನ್ ಮರಗಳ ಕೆಳಗೆ ಇನ್ನೂ ಬೇಗ. ನಮ್ಮ ಜಾಗ ಹುಡುಕಿ, ಕಾರಿನ ಬೆಳಕಿನಲ್ಲಿ ಸಾಮಾನು ಇಳಿಸುವಾಗ ಮಕ್ಕಳು ಹಸಿವಿನಿಂದ ಅಳುತ್ತಿದ್ದರು. ನೀವು ದಯವಿಟ್ಟು ಮಧ್ಯಾಹ್ನವೇ ಹೊರಡಿ.

ವಯಸ್ಸಾದವರು ಜೊತೆಗಿದ್ದರೆ ಟೆಂಟ್ ಬೇಡ. 1930ರ ದಶಕದಲ್ಲಿ, ಅಮೆರಿಕದಲ್ಲಿ ಕೆಲಸವೇ ಇಲ್ಲದಿದ್ದ ಕಾಲದಲ್ಲಿ, ಸರ್ಕಾರ ಹುಡುಗರಿಗೆ ಸಂಬಳ ಕೊಟ್ಟು ಈ ಪಾರ್ಕ್ ಕಟ್ಟಿಸಿತು. ಅವರು ಕಟ್ಟಿದ ಕ್ಯಾಬಿನ್‌ಗಳು ಈಗಲೂ ಬಾಡಿಗೆಗೆ ಸಿಗುತ್ತವೆ. ಆದರೆ ಬೇಗ ಮುಗಿದುಹೋಗುತ್ತವೆ. ಐದು ತಿಂಗಳು ಮೊದಲೇ ಬುಕ್ ಮಾಡಲು ಬಿಡುತ್ತಾರೆ, ಆಗಲೇ ಮಾಡಿ. ನಮಗೆ ಸಿಕ್ಕಿದ್ದು ಸ್ಕ್ರೀನ್ಡ್ ಶೆಲ್ಟರ್. ಮೇಲೆ ಸೂರು, ಸುತ್ತ ಸೊಳ್ಳೆ ಜಾಲರಿ, ಅಷ್ಟೇ. ಮಂಚ, ಹಾಸಿಗೆ ನಾವೇ ಒಯ್ಯಬೇಕು. ಅತ್ತೆಗೆ ಮಡಚುವ ಮಂಚ, ಎರಡು ರಜಾಯಿ ಒಯ್ದಿದ್ದು ಒಳ್ಳೆಯದಾಯಿತು. ನೀರಿನ ಪಕ್ಕದ ಚಳಿ ಬೇರೆಯೇ.

ಊಟದ ಡಬ್ಬಿಗಳನ್ನು ಮಾತ್ರ ಹೊರಗಿನ ಮೇಜಿನ ಮೇಲೆ ಬಿಡಬೇಡಿ. ರಾತ್ರಿ ಟಾರ್ಚ್ ಹಾಕಿ ನೋಡಿದರೆ ಒಂದು ರಕೂನ್ ಮುಂಗಾಲಿನಿಂದ ಐಸ್ ಪೆಟ್ಟಿಗೆಯ ಮುಚ್ಚಳ ಎತ್ತಿ, ಚಪಾತಿಯ ಸುರುಳಿಯನ್ನು ಒಂದೊಂದಾಗಿ ಬಿಡಿಸುತ್ತಿತ್ತು. ಥೇಟ್ ಮನುಷ್ಯರ ಬೆರಳು. ಎಲ್ಲ ಕಾರಿನೊಳಗೆ ಇಟ್ಟು ಮಲಗಿ. ಬೆಳಿಗ್ಗೆ ಅವಲಕ್ಕಿ, ಚಟ್ನಿಪುಡಿ ನಮ್ಮನ್ನು ಕಾಪಾಡಿತು.

ಇನ್ನು ಆ ಬೆಳಗಿನ ವಿಷಯ. ರಾತ್ರಿ ಉಳಿಯಿರಿ ಅಂತ ನಾನು ಹೇಳುವುದು ಇದಕ್ಕೇ. ಸೂರ್ಯ ಹುಟ್ಟುವ ಮೊದಲು ಪಾರ್ಕ್ ಒಳಗಿನ ಸಾಮಿಲ್ ಪಾಂಡ್ ಎಂಬ ಕೊಳದ ಹತ್ತಿರ ಹೋಗಿ. ನೀರಿನ ಮೇಲೆ ಮಂಜು, ಮಂಜಿನೊಳಗೆ ಸೈಪ್ರೆಸ್ ಮರಗಳು. ಬುಡ ದಪ್ಪ, ಮೇಲೆ ಸಪೂರ. ನವೆಂಬರ್‌ನಲ್ಲಿ ಎಲೆಯೆಲ್ಲ ಕಾವಿ ಬಣ್ಣಕ್ಕೆ ತಿರುಗಿರುತ್ತದೆ, ಆಮೇಲೆ ಉದುರಿಹೋಗುತ್ತದೆ. ಕೊಂಬೆಗಳಿಂದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್ ಜಡೆ ಜಡೆಯಾಗಿ ಇಳಿದಿರುತ್ತದೆ. ಅದು ಪಾಚಿಯಲ್ಲ, ಅನಾನಸ್ ಜಾತಿಯ ಗಿಡ. ಇಬ್ಬನಿಯಲ್ಲಿ ನೆನೆದ ಒಂದು ಎಳೆಯನ್ನು ಹತ್ತಿರದಿಂದ ನೋಡಿದೆ. ಒಣಗಿದಾಗ ಬೂದು, ಒದ್ದೆಯಾದರೆ ಹಸಿರು!

ಮರಗಳ ಸುತ್ತ ನೀರಿನಿಂದ ಗೂಟದಂತೆ ಎದ್ದ ಬೇರುಗಳನ್ನು ಇಲ್ಲಿಯವರು ಮೊಣಕಾಲು ಅನ್ನುತ್ತಾರೆ. ಅತ್ತೆ ನೋಡಿದ ಕೂಡಲೇ, "ನಮ್ಮ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲೂ ಬೇರು ಹೀಗೇ ಮೇಲೆದ್ದಿರ್ತಾವಲ್ಲೇ" ಅಂದರು. ನಿಜ. ಕತ್ತಲೆಕಾನು ಸಿದ್ದಾಪುರದ ಕಡೆಯ ಕಾಡು, ಜಡ್ಡಿ ಅಂದರೆ ಜೌಗು ನೆಲ. ಅಲ್ಲೂ ಜೌಗು, ಇಲ್ಲೂ ಜೌಗು.

ಮಧ್ಯೆ ಅಲ್ಲಲ್ಲಿ ನೀರು ಕಾಣದ ಹಾಗೆ ಹಸಿರು ಚಾಪೆ ಇತ್ತು. ಜೈಂಟ್ ಸಾಲ್ವಿನಿಯಾ ಎಂಬ ನೀರಿನ ಕಳೆ. ನಮ್ಮ ಕೆರೆಗಳಲ್ಲಿ ಅಂತರಗಂಗೆ ಹಬ್ಬುವ ಹಾಗೇ ಇದೂ ಬ್ರೆಜಿಲ್‌ನಿಂದ ಬಂದು ಕೆರೆಯ ಉಸಿರು ಕಟ್ಟಿಸುತ್ತಿದೆ. ಇದನ್ನು ತಿನ್ನುವ ಒಂದು ಸಣ್ಣ ಹುಳವನ್ನು ಇಲ್ಲಿ ಸಾಕಿ ಬಿಡುತ್ತಾರೆ. 1980ರ ದಶಕದಲ್ಲಿ ಬೆಂಗಳೂರಿನ ಒಂದು ಕೊಳದಲ್ಲಿ ಇದೇ ಹುಳ ಬಿಟ್ಟು ಸಾಲ್ವಿನಿಯಾ ಕಳೆಯನ್ನು ಮಣಿಸಿದ್ದರು. ಸ್ವಂತ ಕಯಾಕ್ ದೋಣಿ ಒಯ್ಯುವವರು ವಾಪಸ್ ಹೊರಡುವ ಮೊದಲು ಒಂದು ಚೂರೂ ಕಳೆ ಅಂಟಿಕೊಳ್ಳದ ಹಾಗೆ ತೊಳೆಯಿರಿ. ಒಂದು ತುಂಡು ಸಾಕು, ಇನ್ನೊಂದು ಕೆರೆ ಹಾಳಾಗಲು.

ಪಾರ್ಕ್ ಒಳಗೇ ಕನೂ ದೋಣಿ ಬಾಡಿಗೆಗೆ ಸಿಗುತ್ತದೆ. ಮಕ್ಕಳಿದ್ದರೆ ಸಾಮಿಲ್ ಪಾಂಡ್ ಬಿಟ್ಟು ಹೋಗಬೇಡಿ. ಅದರಾಚೆಯ ದೊಡ್ಡ ಕೆರೆ ಲೂಸಿಯಾನಾವರೆಗೂ ಹರಡಿದೆ, ಎಲ್ಲ ಮರವೂ ಒಂದೇ ಥರ ಕಾಣುತ್ತದೆ, ದಾರಿ ತಪ್ಪುವುದು ಸುಲಭ. ಒಳಗೆ ಸುತ್ತಬೇಕೆಂದರೆ ಊರವರ ದೋಣಿಯಲ್ಲಿ ಹೋಗಿ. ಮೊಸಳೆ ಜಾತಿಯ ಆಲಿಗೇಟರ್‌ಗಳೂ ಇವೆ, ಹಾಗಾಗಿ ಮಕ್ಕಳ ಕೈ ನೀರಿನಲ್ಲಿ ಬೇಡ. ಲೈಫ್ ಜಾಕೆಟ್ ಬಿಚ್ಚಲೇಬೇಡಿ. ಮೀನು ಹಿಡಿಯುವ ಆಸೆಯಿದ್ದರೆ ಪಾರ್ಕ್‌ನ ದಡದಿಂದ ಗಾಳ ಹಾಕಲು ಲೈಸೆನ್ಸ್ ಬೇಕಿಲ್ಲ.

ಅತ್ತೆ ಮೊದಲು "ನಾನು ಇಲ್ಲೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಅಂತ ದಡದಲ್ಲೇ ಉಳಿದರು. ನಾವು ಒಂದು ಸುತ್ತು ಹೊಡೆದು ಬಂದಾಗ, ಕೇಳುವ ಮೊದಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಿದ್ದರು. ಮಗ ದೋಣಿ ಹಿಡಿದುಕೊಂಡ, ನಾನು ಕೈ ಕೊಟ್ಟೆ. ನಡುವೆ ಕೂತವರು ವಾಪಸ್ ಬರುವವರೆಗೂ ಒಂದು ಮಾತೂ ಆಡಲಿಲ್ಲ. ತಲೆಯೆತ್ತಿ ಮರಗಳನ್ನೇ ನೋಡುತ್ತಿದ್ದರು.